ವೇದಿಕೆಯಲ್ಲಿ ‘5 ಲಕ್ಷ’, ಕೌಂಟರಿನಲ್ಲಿ ‘ಇದು ಬರಲ್ಲ’: ಶಾಸಕರಿಗೂ ಸಂಸದರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಮಾನ್ಯ ಸದಸ್ಯರು
ಹಾಗೂ ರಾಜ್ಯದಿಂದ ಆಯ್ಕೆಯಾದ ಮಾನ್ಯ ಸಂಸದರು

ವಿಷಯ: ಆರೋಗ್ಯ ಯೋಜನೆಗಳ ಬಗ್ಗೆ ಸದನದಲ್ಲೂ ಸಭೆಗಳಲ್ಲೂ ಆಡುವ ಮಾತಿನಲ್ಲಿ ಪೂರ್ತಿ ಲೆಕ್ಕ ಹೇಳುವಂತೆ ಮನವಿ.

ಮಾನ್ಯರೇ,

ಬೆಂಗಳೂರಿನಲ್ಲಿ ಆಳುತ್ತಿರುವವರು ದೆಹಲಿಯಲ್ಲಿ ವಿರೋಧ ಪಕ್ಷದವರು. ದೆಹಲಿಯಲ್ಲಿ ಆಳುತ್ತಿರುವವರು ಇಲ್ಲಿ ವಿರೋಧ ಪಕ್ಷದವರು. ಹಾಗಾಗಿ ಈ ಪತ್ರದ ದೂರು ಯಾವುದೋ ಒಂದು ಪಕ್ಷದ ಮೇಲಿನದು ಎಂದು ಯಾರೂ ಪಕ್ಕಕ್ಕೆ ಸರಿಯುವ ಹಾಗಿಲ್ಲ. ಆರೋಗ್ಯ ಯೋಜನೆಯ ಮಾತು ಬಂದಾಗ ನೀವೆಲ್ಲರೂ ಅರ್ಧ ಲೆಕ್ಕ ಹೇಳುತ್ತೀರಿ. ಉಳಿದರ್ಧ ಜನಕ್ಕೆ ತಿಳಿಯುವುದು ಆಸ್ಪತ್ರೆಯ ಬಿಲ್ಲಿನ ಕೌಂಟರಿನಲ್ಲಿ, ಮನೆಯ ಯಾರೋ ಒಬ್ಬರು ಒಳಗೆ ಮಲಗಿರುವಾಗ. ಯೋಜನೆಯ ಹೆಸರು ಎತ್ತಿದರೆ ಜನ ‘ಅದೆಲ್ಲ ಹೇಳೋಕಷ್ಟೇ’ ಎನ್ನುತ್ತಾರಲ್ಲ, ಆ ಮಾತು ಹುಟ್ಟುವುದು ಅಲ್ಲಿ. ಅದನ್ನು ಜನರ ಅಜ್ಞಾನದ ಲೆಕ್ಕಕ್ಕೆ ಬರೆಯಬೇಡಿ.

ಮೊದಲು ಆ 5 ಲಕ್ಷದ ಮಾತು ತೆಗೆದುಕೊಳ್ಳೋಣ. ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಶುರುವಾಯಿತು. ನಮ್ಮಲ್ಲಿ ಅದೇ ವರ್ಷದ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಬಂದಿತ್ತು. ಅಕ್ಟೋಬರ್ ಕೊನೆಗೆ ಎರಡನ್ನೂ ಕೂಡಿಸಿದರು. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎನ್ನುವುದು ಸುಳ್ಳಲ್ಲ. ಆದರೆ 5 ಲಕ್ಷ ಎನ್ನುವುದು ಮಿತಿ. ಒಂದು ಚಿಕಿತ್ಸೆಗೆ ಸಿಗುವ ಹಣ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದಷ್ಟೇ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಅಲ್ಲಿವರೆಗೆ ಚಿಕಿತ್ಸೆಗೆಂದು ಆಗಿದ್ದ ಆಸ್ಪತ್ರೆ ದಾಖಲಾತಿ 7.37 ಕೋಟಿ, ಮೊತ್ತ 1 ಲಕ್ಷ ಕೋಟಿ ರೂಪಾಯಿಗೆ ತುಸು ಮೇಲೆ. ಭಾಗಿಸಿ ನೋಡಿ. ಒಂದು ದಾಖಲಾತಿಗೆ ಬರುವುದು ಸರಾಸರಿ 13,500 ರೂಪಾಯಿ ಚಿಲ್ಲರೆ.

ಇದು ಯೋಜನೆಯ ಮೇಲಿನ ಟೀಕೆಯಲ್ಲ. ಡಯಾಲಿಸಿಸ್‌ನಂಥ ಒಂದೇ ದಿನದ ಚಿಕಿತ್ಸೆಗಳೂ ಅದರಲ್ಲಿ ಸೇರಿವೆ, ಸರಾಸರಿ ಕಡಿಮೆ ಬರುವುದು ಸಹಜ. 13,500 ರೂಪಾಯಿ ಬಡ ಮನೆಗೆ ಸಣ್ಣ ಮೊತ್ತವೂ ಅಲ್ಲ. ನಮ್ಮ ತಕರಾರು ಇಷ್ಟೇ: ‘5 ಲಕ್ಷ’ ಎಂದು ಸಾವಿರ ಸಲ ಕೇಳಿದವನಿಗೆ ಆಸ್ಪತ್ರೆಯಲ್ಲಿ ‘ಈ ಆಪರೇಷನ್‌ಗೆ ಪ್ಯಾಕೇಜ್ ಇಷ್ಟೇ’ ಎಂದಾಗ, ನಡುವಿನ ಹಣವನ್ನು ಯಾರೋ ನುಂಗಿದರು ಎಂದೇ ಅನ್ನಿಸುತ್ತದೆ. ಯಾರೂ ನುಂಗದಿದ್ದರೂ ಹಾಗನ್ನಿಸುತ್ತದೆ. ಆ ಗುಮಾನಿಯನ್ನು ಬಿತ್ತಿದವರು ನೀವು. ಪ್ಯಾಕೇಜ್ ಎಂಬ ಮಾತನ್ನು ಯಾವ ಫ್ಲೆಕ್ಸಿನಲ್ಲೂ ನೀವು ಬರೆಸಿಲ್ಲ.

ಫ್ಲೆಕ್ಸಿನ ಅಂಕಿ ದೊಡ್ಡದಾಗುತ್ತಲೇ ಇದೆ. ರಾಜಸ್ಥಾನದಲ್ಲಿ ಮಿತಿಯನ್ನು 10 ಲಕ್ಷದಿಂದ 25 ಲಕ್ಷಕ್ಕೆ ಏರಿಸಿದರು, 2023ರ ಚುನಾವಣೆಯಲ್ಲಿ 50 ಲಕ್ಷದ ಮಾತೂ ಬಂತು. ಸರ್ಕಾರ ಬದಲಾಯಿತು, ಯೋಜನೆಯ ಹೆಸರೂ ಬದಲಾಯಿತು. ತೆಲಂಗಾಣದಲ್ಲಿ 10 ಲಕ್ಷ, ಆಂಧ್ರದಲ್ಲಿ 25 ಲಕ್ಷ. ಸಂತೆಯಲ್ಲಿ ಹರಾಜು ಕೂಗಿದ ಹಾಗೆ. ಮಿತಿಯನ್ನು 5ರಿಂದ 25ಕ್ಕೆ ಏರಿಸಿದರೆ ಸರ್ಕಾರಕ್ಕೆ ಬೀಳುವ ಹೆಚ್ಚಿನ ಖರ್ಚು ಅಷ್ಟೇನೂ ಇರುವುದಿಲ್ಲ, ಏಕೆಂದರೆ ವರ್ಷಕ್ಕೆ 5 ಲಕ್ಷ ದಾಟುವ ಕುಟುಂಬಗಳು ತೀರಾ ಕಡಿಮೆ. ಖರ್ಚು ಬರುವುದು ಪ್ಯಾಕೇಜ್ ದರ ಏರಿಸಿದರೆ, ಹೊರರೋಗಿಗೆ ಮಾತ್ರೆ ಕೊಟ್ಟರೆ, ಆಸ್ಪತ್ರೆಗಳ ಬಾಕಿಯನ್ನು ಹೊತ್ತಿಗೆ ಸರಿಯಾಗಿ ತೀರಿಸಿದರೆ. ಹಣಕಾಸು ಇಲಾಖೆಯ ಯಾವ ಅಧಿಕಾರಿಯನ್ನು ಕೇಳಿದರೂ ಇದನ್ನು ಹೇಳಿಯಾರು. ಅಗ್ಗದ ಅಂಕಿಗೆ ಚಪ್ಪಾಳೆ ಹೆಚ್ಚು, ದುಬಾರಿ ಕೆಲಸಕ್ಕೆ ಚಪ್ಪಾಳೆ ಇಲ್ಲ. ನೀವು ಯಾವುದನ್ನು ಆರಿಸಿಕೊಂಡಿದ್ದೀರಿ ಎಂದು ಜನ ನೋಡುತ್ತಿದ್ದಾರೆ.

ಈಗ ಕಾರ್ಡು ಹಿಡಿದು ಆಸ್ಪತ್ರೆಗೆ ಹೋದವನ ದಾರಿ ನೋಡೋಣ. ನಮ್ಮ ರಾಜ್ಯದ 2018ರ ವ್ಯವಸ್ಥೆಯಲ್ಲಿ ಒಟ್ಟು 1,650 ಚಿಕಿತ್ಸೆಗಳ ಪಟ್ಟಿ ಇತ್ತು. ಸರಳ ದ್ವಿತೀಯ ಹಂತದವು (ತಾಲೂಕು, ಜಿಲ್ಲಾ ಆಸ್ಪತ್ರೆ ಮಟ್ಟದವು) 291, ಸಂಕೀರ್ಣ ದ್ವಿತೀಯ ಹಂತದವು 254, ತೃತೀಯ ಹಂತದವು (ದೊಡ್ಡ ಆಸ್ಪತ್ರೆಯ ಪರಿಣತರು ಮಾಡುವಂಥವು) 900, ತುರ್ತಿನವು 169, ಉಪ ಚಿಕಿತ್ಸೆಗಳು 36. ಸರಳ ದ್ವಿತೀಯ ಹಂತದ್ದು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಸಂಕೀರ್ಣದ್ದಕ್ಕೂ ತೃತೀಯ ಹಂತದ್ದಕ್ಕೂ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿಯಿಲ್ಲದೆ ನೇರ ಹೋಗಬಹುದಾದದ್ದು ತುರ್ತಿನ 169ಕ್ಕೆ ಮಾತ್ರ.

ಈ ನಿಯಮದಲ್ಲಿ ತಪ್ಪೇನೂ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುವ ಕೆಲಸಕ್ಕೆ ಖಾಸಗಿಗೆ ಹಣ ಸುರಿಯಬಾರದು ಎಂಬ ವಾದ ಗಟ್ಟಿಯಾದದ್ದೇ. ಆದರೆ ಇದನ್ನು ಯಾವ ಸಭೆಯಲ್ಲಾದರೂ ಹೇಳಿದ್ದೀರಾ? ‘ಯಾವ ಆಸ್ಪತ್ರೆಗಾದರೂ ಹೋಗಿ, ಕಾರ್ಡು ತೋರಿಸಿ, ಒಂದು ಪೈಸೆ ಕೊಡಬೇಡಿ’ ಎಂದೇ ಜನ ಕೇಳಿರುವುದು. ಆಮೇಲೆ ಆಗುವುದು ಹೀಗೆ. ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವೆಂದು ತಂದೆಯನ್ನು ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆತರುತ್ತಾರೆ. ಮನೆಯವರ ಪಾಲಿಗೆ ಅದಕ್ಕಿಂತ ತುರ್ತು ಇನ್ನೊಂದಿಲ್ಲ. ಪಟ್ಟಿಯಲ್ಲಿ ಅದು ತುರ್ತಿನ ಸಂಕೇತಕ್ಕೆ (ಚಿಕಿತ್ಸೆಯ ಕೋಡ್) ಬರದೆ ಇರಬಹುದು. ಯೋಜನೆಯ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರ ಮೇಜು ಆ ಹೊತ್ತಿಗೆ ಖಾಲಿ. ಕ್ಯಾಷ್ ಕೌಂಟರಿನಲ್ಲಿ ‘ಸದ್ಯಕ್ಕೆ ಅಡ್ವಾನ್ಸ್ ಕಟ್ಟಿ, ಬೆಳಗ್ಗೆ ಸ್ಕೀಮಿಗೆ ಹಾಕೋಣ’ ಎನ್ನುತ್ತಾರೆ. ಬೆಳಗ್ಗೆ ಗೊತ್ತಾಗುತ್ತದೆ, ರೆಫರಲ್ ಇಲ್ಲ, ಸ್ಕೀಮಿಗೆ ಬರಲ್ಲ. ಅಷ್ಟರಲ್ಲಿ ಸ್ಕ್ಯಾನ್ ಆಗಿದೆ, ರಕ್ತ ಪರೀಕ್ಷೆ ಆಗಿದೆ, ಒಂದು ರಾತ್ರಿಯ ಬಾಡಿಗೆ ಬಿದ್ದಿದೆ. ಅಲ್ಲಿಂದ ತಾಲೂಕು ಆಸ್ಪತ್ರೆಗೆ ಹೋಗಿ ಚೀಟಿ ತರಬೇಕು, ಚೀಟಿ ಬರೆಯಬೇಕಾದ ವೈದ್ಯರು ಓಪಿಡಿಯಲ್ಲಿ ಇರಬೇಕು, ಅವರು ಹಾಕಿದ ಸಂಕೇತ ಖಾಸಗಿ ಆಸ್ಪತ್ರೆ ಕೇಳುವ ಸಂಕೇತಕ್ಕೆ ಹೊಂದಬೇಕು. ಹೊಂದದಿದ್ದರೆ ಪೂರ್ವಾನುಮತಿ, ಅಂದರೆ ಚಿಕಿತ್ಸೆಗೆ ಯೋಜನೆಯ ಕಡೆಯಿಂದ ಬೇಕಾದ ಒಪ್ಪಿಗೆ, ತಿರಸ್ಕೃತ. ಮನೆಯವರಿಗೆ ಇದರಲ್ಲಿ ಕಾಣುವುದು ಒಂದೇ, ‘ದುಡ್ಡು ಕೊಟ್ಟರೆ ಬೆಡ್ಡು, ಕಾರ್ಡು ಕೊಟ್ಟರೆ ಅಲೆದಾಟ.’

ಎಪಿಎಲ್ ಕುಟುಂಬಗಳ ವಿಷಯದಲ್ಲಿ ಮಾತಿಗೂ ಲೆಕ್ಕಕ್ಕೂ ಇನ್ನೂ ದೂರ. ‘ಎಪಿಎಲ್‌ನವರಿಗೆ 1.5 ಲಕ್ಷ’ ಎಂದು ಪ್ರಚಾರ. ನಿಯಮದಲ್ಲಿ ಇರುವುದು ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಟ್ಟು 1.5 ಲಕ್ಷ ಮೀರದಂತೆ. ಒಂದು ಆಪರೇಷನ್‌ನ ಪ್ಯಾಕೇಜ್ 80,000 ರೂಪಾಯಿ ಎಂದಿಟ್ಟುಕೊಳ್ಳಿ. ಸರ್ಕಾರ ಕೊಡುವುದು 24,000. ಮನೆಯವರು ಹೊಂದಿಸಬೇಕಾದದ್ದು 56,000. ಆ 1.5 ಲಕ್ಷವನ್ನು ಪೂರ್ತಿ ಪಡೆಯಬೇಕಾದರೆ ಒಂದೇ ವರ್ಷದಲ್ಲಿ 5 ಲಕ್ಷದ ಪ್ಯಾಕೇಜ್‌ನಷ್ಟು ಕಾಯಿಲೆ ಬೀಳಬೇಕು, ಅದರಲ್ಲಿ 3.5 ಲಕ್ಷವನ್ನು ಸ್ವಂತ ಜೇಬಿನಿಂದ ತೆರಬೇಕು! ಇದನ್ನು ‘1.5 ಲಕ್ಷದ ಭದ್ರತೆ’ ಎಂದು ಕರೆಯುವುದು ಯಾವ ಭಾಷೆಯಲ್ಲಿ ಪ್ರಾಮಾಣಿಕತೆ? ‘ಶೇ. 30ರಷ್ಟು ಸರ್ಕಾರ ಕೊಡುತ್ತದೆ, ಉಳಿದದ್ದಕ್ಕೆ ನಿಮ್ಮದೇ ವ್ಯವಸ್ಥೆ ಇರಲಿ’ ಎಂದು ನೇರವಾಗಿ ಹೇಳಿದ್ದರೆ ಒಂದಷ್ಟು ಮನೆಯವರು ಬೇರೆ ವಿಮೆಯನ್ನಾದರೂ ಮಾಡಿಸಿಕೊಳ್ಳುತ್ತಿದ್ದರು.

ಇಲ್ಲೇ ಇನ್ನೊಂದು ಮಾತು. 2018ರ ವ್ಯವಸ್ಥೆ ಅರ್ಹತೆಯನ್ನು ಆಹಾರ ಭದ್ರತಾ ಕಾಯ್ದೆಯ ಕುಟುಂಬಗಳಿಗೆ ಕಟ್ಟಿದೆ, ಅಂದರೆ ಬಿಪಿಎಲ್ ಪಡಿತರ ಚೀಟಿಗೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ದೊಡ್ಡ ಗದ್ದಲವಾಯಿತು. ಎರಡೂ ಕಡೆಯಿಂದ ಹೆಚ್ಚಾಗಿ ಕೇಳಿದ್ದು ಅಕ್ಕಿಯ ಮಾತು. ಕಾರ್ಡು ಎಪಿಎಲ್ ಆದ ದಿನ ಆ ಮನೆಯ ಚಿಕಿತ್ಸೆಯ ನೆರವು ಪ್ಯಾಕೇಜ್‌ನ ಪೂರ್ತಿ ದರದಿಂದ ಶೇ. 30ಕ್ಕೆ ಇಳಿಯಬಹುದು ಎಂಬ ಪ್ರಶ್ನೆ ಅಕ್ಕಿಯ ಚೀಲದಡಿ ಮುಚ್ಚಿಹೋಯಿತು. ಅರ್ಹರ ಕಾರ್ಡು ವಾಪಸ್ ಕೊಡುತ್ತೇವೆ ಎಂದು ಸರ್ಕಾರ ಹೇಳಿತು, ಸರಿ. ವಾಪಸ್ ಬರುವ ತನಕ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಏನು ಮಾಡಬೇಕು?

ಯೋಜನೆಯ ಒಳಗೆ ಏನಿಲ್ಲ ಎಂಬುದನ್ನು ಹೇಳುವ ಧೈರ್ಯವೂ ಬೇಕು. ಇದು ಒಳರೋಗಿಗಳ ಯೋಜನೆ. ದಾಖಲಾಗದೆ ವೈದ್ಯರನ್ನು ಕಂಡು ಬಂದರೆ ಬರುವುದಿಲ್ಲ. ಬರೀ ಪರೀಕ್ಷೆಗೆಂದು ದಾಖಲಾದರೂ ಬರುವುದಿಲ್ಲ. ಬಿಪಿ, ಶುಗರ್‌ಗೆ ತಿಂಗಳು ತಿಂಗಳು ಕೊಳ್ಳುವ ಮಾತ್ರೆ ಬರುವುದಿಲ್ಲ. ಕೇಂದ್ರದ ನಿಯಮದಂತೆ ದಾಖಲಾಗುವ ಮುಂಚಿನ 3 ದಿನ ಮತ್ತು ಡಿಸ್ಚಾರ್ಜ್ ನಂತರದ 15 ದಿನದ ಔಷಧ, ಪರೀಕ್ಷೆ ಪ್ಯಾಕೇಜ್ ಒಳಗೇ ಇವೆ. ಇದು ಎಷ್ಟು ಜನಕ್ಕೆ ಗೊತ್ತು? ಡಿಸ್ಚಾರ್ಜ್ ದಿನ ಔಷಧದ ಚೀಟಿ ಕೈಗಿಟ್ಟು ‘ಕೆಳಗಿನ ಮೆಡಿಕಲ್ಸ್‌ನಲ್ಲಿ ತಗೊಳ್ಳಿ’ ಎಂದರೆ ಜನ ಸುಮ್ಮನೆ ಕೊಳ್ಳುತ್ತಾರೆ. ಆ ಬಿಲ್ಲು ಔಷಧದಂಗಡಿಯ ಹೆಸರಿನಲ್ಲಿರುತ್ತದೆ, ಆಸ್ಪತ್ರೆಯ ರಸೀದಿಯಲ್ಲಿ ಸೊನ್ನೆ. ಮುಂದೆ ದೂರು ಕೊಟ್ಟರೆ ‘ರೋಗಿಯಿಂದ ಹಣ ಪಡೆದಿಲ್ಲ’ ಎಂಬ, ರೋಗಿಯ ಕಡೆಯವರೇ ಸಹಿ ಹಾಕಿದ ಹಾಳೆ ಫೈಲಿನಿಂದ ಹೊರಬರುತ್ತದೆ. ಡಿಸ್ಚಾರ್ಜಿನ ಅವಸರದಲ್ಲಿ ಏಳೆಂಟು ಕಡೆ ಸಹಿ ಮಾಡಿದವರಿಗೆ ಅದರಲ್ಲಿ ಇದೂ ಒಂದಿತ್ತು ಎಂಬುದೇ ನೆನಪಿರುವುದಿಲ್ಲ.

ಆಸ್ಪತ್ರೆಗಳೆಲ್ಲ ಕಳ್ಳರು ಎಂದು ನಾವು ಹೇಳುತ್ತಿಲ್ಲ. ಅವರ ಕಡೆಯ ಲೆಕ್ಕವನ್ನೂ ನೀವು ಮುಚ್ಚಿಡುತ್ತಿದ್ದೀರಿ. ರಾಜ್ಯದೊಳಗಿನ ಕ್ಲೇಮನ್ನು 15 ದಿನದಲ್ಲಿ, ಹೊರರಾಜ್ಯದ್ದನ್ನು 30 ದಿನದಲ್ಲಿ ತೀರಿಸಬೇಕೆಂದು ಕೇಂದ್ರದ ಮಾರ್ಗಸೂಚಿ. ಅದು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಹರಿಯಾಣದ ಉದಾಹರಣೆ ಸಾಕು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಖಾಸಗಿ ಆಸ್ಪತ್ರೆಗಳು ಬಾಕಿ ಬಂದಿಲ್ಲವೆಂದು ಆಯುಷ್ಮಾನ್ ಸೇವೆಯನ್ನೇ ನಿಲ್ಲಿಸಿದವು. ಬಾಕಿ ನಿಂತರೆ ಆಸ್ಪತ್ರೆ ಮೊದಲು ಮಾಡುವ ಕೆಲಸ ‘ಸ್ಕೀಮ್ ಬೆಡ್ಡು ಖಾಲಿ ಇಲ್ಲ’ ಎನ್ನುವುದು. ಇನ್ನೊಂದು, ಇದನ್ನು ನೀವು ವೇದಿಕೆಯಲ್ಲಿ ‘ವಿಮೆ’ ಎನ್ನುತ್ತೀರಿ. ಕರ್ನಾಟಕದಲ್ಲಿ ಇದು ವಿಮೆಯಲ್ಲ. ನಡುವೆ ಯಾವ ವಿಮಾ ಕಂಪನಿಯೂ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಸರ್ಕಾರದ ಹಣವನ್ನು ನೇರವಾಗಿ ಆಸ್ಪತ್ರೆಗೆ ಕೊಡುತ್ತದೆ. ಹಾಗಾಗಿ ಹಣ ತಡವಾದರೆ ಬೊಟ್ಟು ಮಾಡಿ ತೋರಿಸಲು ಕಂಪನಿ ಸಿಗುವುದಿಲ್ಲ, ತಡವಾದದ್ದು ಸರ್ಕಾರದ ಕಡೆಯಿಂದಲೇ.

ಹಣ ಯಾರದು ಎಂಬ ಜಗಳಕ್ಕೆ ಬರೋಣ. ಕೇಂದ್ರ 60, ರಾಜ್ಯ 40 ಎಂಬ ಅನುಪಾತವನ್ನು ಒಂದು ಕಡೆಯವರು ಹೇಳುತ್ತಾರೆ. ನಿಜವಾಗಿ ಹೆಚ್ಚು ಕೊಡುತ್ತಿರುವವರು ನಾವು ಎಂದು ಇನ್ನೊಂದು ಕಡೆಯವರು. ಕೇಳುವವನಿಗೆ ಇಬ್ಬರಲ್ಲೊಬ್ಬರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸಬೇಕು. ಇಬ್ಬರ ಮಾತೂ ನಿಲ್ಲುತ್ತದೆ! ಕೇಂದ್ರದ ಪಾಲು 2011ರ ಸಾಮಾಜಿಕ ಆರ್ಥಿಕ ಮತ್ತು ಜಾತಿ ಗಣತಿಯ ಪಟ್ಟಿಯಲ್ಲಿರುವ ಸುಮಾರು 62 ಲಕ್ಷ ಕುಟುಂಬಗಳಿಗೆ, ಅದೂ ಒಂದು ಮಿತಿಯೊಳಗೆ. ರಾಜ್ಯದ ಬಿಪಿಎಲ್ ಕುಟುಂಬಗಳು ಕೋಟಿ ಮೀರಿವೆ. ಪಟ್ಟಿಯಾಚೆಯ ಕುಟುಂಬಗಳದೂ ಎಪಿಎಲ್‌ನವರದೂ ಪೂರ್ತಿ ಭಾರ ರಾಜ್ಯದ ಮೇಲೆ. ಪಟ್ಟಿಯೊಳಗೆ 60:40, ಒಟ್ಟು ಲೆಕ್ಕದಲ್ಲಿ ಬೇರೆ. ಇಷ್ಟನ್ನು ಹೇಳಲು ಎರಡು ವಾಕ್ಯ ಸಾಕು. ಅದರ ಬದಲು ನೀವು ಜಗಳವಾಡಿದ್ದು ಕಾರ್ಡಿನ ಮೇಲೆ ಯಾರ ಪಟ, ಯಾರ ಹೆಸರು ಎಂಬುದಕ್ಕೆ. ಕಡೆಗೆ 2023ರಲ್ಲಿ ಬಂದ ಹೊಸ ಕಾರ್ಡಿನಲ್ಲಿ ಪ್ರಧಾನಮಂತ್ರಿಯೂ ಇದ್ದಾರೆ, ಮುಖ್ಯಮಂತ್ರಿಯೂ ಇದ್ದಾರೆ. ಯೋಜನೆಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ಕಷ್ಟ.

ಹೆಸರು ಬದಲಾದಾಗೆಲ್ಲ ಜನರ ಕಡತ ಕಳೆಯುತ್ತದೆ. ಯಶಸ್ವಿನಿ 2003ರಲ್ಲಿ ಸಹಕಾರ ಸಂಘದ ಸದಸ್ಯರಿಗೆ ಚಿಕಿತ್ಸೆ ಕೊಡಲು ಶುರುಮಾಡಿದಾಗ ತಿಂಗಳಿಗೆ 5 ರೂಪಾಯಿ ವಂತಿಗೆ. 2018ರಲ್ಲಿ ಅದನ್ನೂ ವಾಜಪೇಯಿ ಆರೋಗ್ಯಶ್ರೀ, ರಾಜೀವ್ ಆರೋಗ್ಯ ಭಾಗ್ಯಗಳನ್ನೂ ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. 2023ರ ಜನವರಿಯಿಂದ ಯಶಸ್ವಿನಿ ಮತ್ತೆ ಬೇರೆಯಾಗಿ ಬಂತು. ಎರಡು ಕಾರ್ಡು ಇಟ್ಟುಕೊಂಡ ರೈತನಿಗೆ ಯಾವುದನ್ನು ಮೊದಲು ತೋರಿಸಬೇಕು ಎಂದು ಹೇಳುವವರು ಹಳ್ಳಿಯಲ್ಲಿ ಸಿಗುವುದು ಅಪರೂಪ.

ಮಾನ್ಯರೇ, ಆಯುಷ್ಮಾನ್ ಯೋಜನೆಯ ಬಗ್ಗೆ ಸರ್ಕಾರಿ ಲೆಕ್ಕ ತಪಾಸಣೆ ಮಾಡುವ ಸಿಎಜಿ ಕೊಟ್ಟ ವರದಿಯನ್ನು ನೀವು ಬಳಸಿಕೊಂಡ ರೀತಿ ಈ ಅರ್ಧ ಲೆಕ್ಕದ ಚಾಳಿಗೆ ಕನ್ನಡಿ. 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಆ ವರದಿಯಲ್ಲಿ 9999999999 ಎಂಬ ಒಂದೇ ಮೊಬೈಲ್ ಸಂಖ್ಯೆಗೆ 7,49,820 ಫಲಾನುಭವಿಗಳು ಜೋಡಣೆಯಾಗಿದ್ದ ಸಂಗತಿ ಇತ್ತು. ಇನ್ನೊಂದು, 8888888888, ಅದಕ್ಕೆ 1,39,300 ಜನ. ಮೊದಲೇ ತೀರಿಕೊಂಡಿದ್ದಾರೆಂದು ಅದೇ ಗಣಕ ವ್ಯವಸ್ಥೆಯಲ್ಲಿ ದಾಖಲಾಗಿದ್ದ 3,446 ರೋಗಿಗಳ ಹೆಸರಿನಲ್ಲಿ 6.97 ಕೋಟಿ ರೂಪಾಯಿ ಪಾವತಿಯಾದದ್ದೂ ಇತ್ತು. ಒಂದು ಕಡೆಯವರು ‘ಏಳೂವರೆ ಲಕ್ಷ ನಕಲಿ ಫಲಾನುಭವಿಗಳು’ ಎಂದರು. ವರದಿ ಹಾಗೆ ಹೇಳಿಲ್ಲ. ಸಂಖ್ಯೆ ನಕಲಿ ಎಂದರೆ ಮನುಷ್ಯ ನಕಲಿ ಎಂದಾಗುವುದಿಲ್ಲ. ಫೋನಿಲ್ಲದವರ ಖಾನೆ ತುಂಬಲು ಡೇಟಾ ಎಂಟ್ರಿ ಮಾಡುವವರು ಒತ್ತಿದ ಒಂಬತ್ತುಗಳೂ ಅದರಲ್ಲಿರಬಹುದು. ಇನ್ನೊಂದು ಕಡೆಯವರು ‘ಅರ್ಹತೆ ಪರಿಶೀಲನೆಗೆ ಮೊಬೈಲ್ ಸಂಖ್ಯೆ ಬೇಕಾಗಿಯೇ ಇಲ್ಲ’ ಎಂದು ಕೈತೊಳೆದುಕೊಂಡರು. ಅದು ನಿಜವೇ, ಆದರೆ ಪ್ರಶ್ನೆ ಅದಲ್ಲ. ಡಿಸ್ಚಾರ್ಜ್ ಆದ ಮೇಲೆ ‘ನಿಮ್ಮಿಂದ ಹಣ ಕೇಳಿದರಾ, ನಿಜವಾಗಿ ಆಪರೇಷನ್ ಆಯಿತಾ’ ಎಂದು ವಿಚಾರಿಸಲು ಇರುವ ಸುಲಭದ ದಾರಿ ಫೋನು. ಆ ಸಂಖ್ಯೆ ಒಂಬತ್ತು ಒಂಬತ್ತು ಆಗಿದ್ದರೆ ಕೇಳುವುದು ಯಾರನ್ನು?

ತೀರಿಕೊಂಡವರ ಹೆಸರಿನ ಕ್ಲೇಮಿಗೂ ಒಂದು ವಿವರಣೆ ಬಂತು: ದಾಖಲಾದ 3 ದಿನದವರೆಗೆ ಪೂರ್ವಾನುಮತಿ ಕೋರಲು ಆಸ್ಪತ್ರೆಗೆ ಅವಕಾಶವಿದೆ, ಆ ನಡುವೆ ರೋಗಿ ತೀರಿಕೊಂಡಿದ್ದರೆ ಹೀಗೆ ಕಾಣಬಹುದು ಎಂದು. ಕೆಲವು ಪ್ರಕರಣಗಳಿಗೆ ಅದು ಹೊಂದಬಹುದು. ಹಾಗಾದರೆ ಎಷ್ಟಕ್ಕೆ ಹೊಂದಿತು, ಎಷ್ಟಕ್ಕೆ ಹೊಂದಲಿಲ್ಲ, ಹೊಂದದವರಿಂದ ಎಷ್ಟು ವಸೂಲಾಯಿತು? ಯೋಜನೆಯ ಒಟ್ಟು ಖರ್ಚಿನ ಮುಂದೆ 6.97 ಕೋಟಿ ದೊಡ್ಡದಲ್ಲ. ‘ಸತ್ತವರಿಗೂ ಚಿಕಿತ್ಸೆ’ ಎಂಬ ಮಾತು ಮಾತ್ರ ಊರೂರಿಗೆ ಹೋಯಿತು, ಅದರ ಬೆನ್ನಿಗೆ ಹೋಗಬೇಕಾಗಿದ್ದ ಈ ಮೂರು ಉತ್ತರಗಳು ಹೋಗಲಿಲ್ಲ.

‘ಜನರ ಜೇಬಿನ ಖರ್ಚು ಇಳಿಯಿತು’ ಎಂಬ ಹೆಮ್ಮೆಯ ಕತೆಯೂ ಇದೇ ಜಾತಿಯದು. ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರಲ್ಲಿ ಶೇ. 39.4ಕ್ಕೆ ಬಂತು. ಅಂಕಿ ಸರಿಯಾಗಿದೆ. ಅದನ್ನು ಆಯುಷ್ಮಾನ್ ಕಾರ್ಡಿನ ಫಲವೆಂದು ಹೇಳುವುದು ಸರಿಯಲ್ಲ. ಆ ಲೆಕ್ಕದಲ್ಲಿ ಕುಟುಂಬಗಳ ಖರ್ಚಿಗೆ ಆಧಾರವಾಗಿರುವುದು 2017ರ ಜುಲೈನಿಂದ 2018ರ ಜೂನ್‌ವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆ, ಅದನ್ನೇ ಮುಂದಿನ ವರ್ಷಗಳಿಗೆ ಹಿಗ್ಗಿಸಿದ್ದಾರೆ. ಯೋಜನೆ ಹುಟ್ಟಿದ್ದು ಸಮೀಕ್ಷೆ ಮುಗಿದ ಮೇಲೆ. ಮಗು ಹುಟ್ಟುವ ಮೊದಲೇ ಅದರ ದುಡಿಮೆ ಎಣಿಸಿದ ಹಾಗೆ! ಮೇಲಾಗಿ 2021-22 ಕೋವಿಡ್ ವರ್ಷ. ಲಸಿಕೆಯೂ ಸೇರಿ ಸರ್ಕಾರದ ಖರ್ಚು ಏರಿದಾಗ ಜನರ ಪಾಲು ತಾನಾಗಿ ಇಳಿದಂತೆ ಕಾಣುತ್ತದೆ. ಪಾಲು ಇಳಿದರೆ ರೂಪಾಯಿ ಇಳಿದಂತಲ್ಲ. ಅದೇ ವರ್ಷ ಸರ್ಕಾರಗಳ ಆರೋಗ್ಯ ವೆಚ್ಚ ಜಿಡಿಪಿಯ ಶೇ. 1.84. ಅದನ್ನು 2025ಕ್ಕೆ ಶೇ. 2.5 ಮಾಡುತ್ತೇವೆ ಎಂದು 2017ರ ಆರೋಗ್ಯ ನೀತಿಯಲ್ಲಿ ಬರೆದುಕೊಂಡಿದ್ದೆವು. 39.4ನ್ನು ಹೇಳುವವರು ಇದನ್ನು ಹೇಳುವುದಿಲ್ಲ, ಇದನ್ನು ಹೇಳುವವರು ತಮ್ಮ ಕಾಲದ ಅಂಕಿ ಇದಕ್ಕಿಂತ ಕಡಿಮೆ ಇತ್ತೆಂದು ಹೇಳುವುದಿಲ್ಲ.

ವಿಚಿತ್ರವೆಂದರೆ ನಿಜವಾಗಿ ಹೇಳಿಕೊಳ್ಳಬಹುದಾದದ್ದನ್ನೂ ನೀವು ಹೇಳಿಲ್ಲ. ನಮ್ಮದೇ ವಾಜಪೇಯಿ ಆರೋಗ್ಯಶ್ರೀಯ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆ ಇದ್ದ ಹಳ್ಳಿಗಳ ಬಿಪಿಎಲ್ ಮನೆಗಳನ್ನೂ ಯೋಜನೆ ಇನ್ನೂ ತಲುಪದ ಹಳ್ಳಿಗಳ ಬಿಪಿಎಲ್ ಮನೆಗಳನ್ನೂ ಹೋಲಿಸಿದ್ದರು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಆದ ಸಾವು ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳನ್ನಷ್ಟೇ ಎತ್ತಿಕೊಂಡಿದ್ದ ಯೋಜನೆ ಅದು. ಎಲ್ಲವನ್ನೂ ಕೊಡುತ್ತೇವೆ ಎಂದು ಅದು ಹೇಳಿರಲಿಲ್ಲ, ಹೇಳಿದ್ದು ಫಲ ಕೊಟ್ಟಿತ್ತು. ಇಂಥದ್ದನ್ನು ಎದೆತಟ್ಟಿ ಹೇಳಿದ ಶಾಸಕರು ಎಷ್ಟು ಮಂದಿ? ಅದರಲ್ಲಿ ಬೇರೆ ಪಕ್ಷದ ನಾಯಕರ ಹೆಸರಿತ್ತಲ್ಲ!

ಇದು ನಮ್ಮೊಬ್ಬರ ರೋಗವಲ್ಲ ಎಂಬುದೂ ನಿಜ. ಅಮೆರಿಕದಲ್ಲಿ ಆರೋಗ್ಯ ಕಾಯ್ದೆಯ ಚರ್ಚೆ ನಡೆದಾಗ ಒಂದು ಕಡೆಯವರು, ಮುದುಕರು ಬದುಕಬೇಕೋ ಬೇಡವೋ ಎಂದು ತೀರ್ಮಾನಿಸಲು ಸರ್ಕಾರಿ ಸಮಿತಿ ಬರುತ್ತದೆ ಎಂದು ಇಲ್ಲದ್ದನ್ನು ಹಬ್ಬಿಸಿದರು. ಇನ್ನೊಂದು ಕಡೆ ಅಧ್ಯಕ್ಷ ಒಬಾಮ, ಈಗಿರುವ ವಿಮೆ ನಿಮಗೆ ಇಷ್ಟವಿದ್ದರೆ ಅದನ್ನೇ ಇಟ್ಟುಕೊಳ್ಳಬಹುದು ಎಂದು ಮತ್ತೆ ಮತ್ತೆ ಭರವಸೆ ಕೊಟ್ಟರು. 2013ರ ಕೊನೆಗೆ ಲಕ್ಷಗಟ್ಟಲೆ ಜನರಿಗೆ ಪಾಲಿಸಿ ರದ್ದಾದ ಪತ್ರ ಬಂತು, ಅವರು ಕ್ಷಮೆ ಕೇಳಬೇಕಾಯಿತು. ಕಾಯ್ದೆಯಿಂದ ವಿಮೆ ಸಿಕ್ಕವರೂ ಬಹಳ ಮಂದಿ ಇದ್ದರು, ಆದರೂ ಆ ಒಂದು ವಾಕ್ಯ ಬಹಳ ವರ್ಷ ಬೆನ್ನುಬಿಡಲಿಲ್ಲ. ತಪ್ಪಿದ್ದು ಸಣ್ಣ ಷರತ್ತಿನಲ್ಲಿ. ಹಳೆಯ ಪಾಲಿಸಿ ಕಾಯ್ದೆ ಬಂದ ಮೇಲೆ ಹೆಚ್ಚು ಬದಲಾಗದೆ ಇದ್ದರೆ, ಇಲ್ಲವೇ ಹೊಸ ನಿಯಮಕ್ಕೆ ಹೊಂದಿದರೆ ಮಾತ್ರ ಉಳಿಯುತ್ತದೆ ಎಂಬುದನ್ನು ಹೇಳದೆ ಬಿಟ್ಟಿದ್ದರು. ನಮ್ಮ ಫ್ಲೆಕ್ಸುಗಳಲ್ಲಿ ಬಿಟ್ಟುಹೋಗಿರುವುದೂ ಅಂಥ ಷರತ್ತುಗಳೇ.

2025ರ ಮೇ ತಿಂಗಳಿನಲ್ಲಿ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಮಳಿಗೆಗಳನ್ನು ಮುಚ್ಚುವ ಆದೇಶವಾದಾಗಲೂ ಹಾಗೇ ಆಯಿತು. ಒಳಗೆ ಔಷಧ ಉಚಿತವಾಗಿ ಸಿಗಬೇಕಾದಾಗ ಅಂಗಡಿ ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಉಚಿತ ಔಷಧದ ದಾಸ್ತಾನು ಇಲ್ಲದ ದಿನ ರೋಗಿ ಎಲ್ಲಿಗೆ ಹೋಗಬೇಕು ಎಂಬುದೂ ನ್ಯಾಯವಾದದ್ದೇ. ಯಾವ ಆಸ್ಪತ್ರೆಯಲ್ಲಿ ಯಾವ ಮಾತ್ರೆ ಎಷ್ಟು ದಿನ ಇರಲಿಲ್ಲ ಎಂಬ ಒಂದು ಪಟ್ಟಿ ಇಟ್ಟಿದ್ದರೆ ವಾದವೇ ಮುಗಿಯುತ್ತಿತ್ತು. ಆ ಪಟ್ಟಿಯನ್ನು ಸರ್ಕಾರ ಮುಂದಿಡಲಿಲ್ಲ, ಗದ್ದಲ ಮಾಡಿದವರೂ ಅದಕ್ಕೆ ಪಟ್ಟುಹಿಡಿಯಲಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಕೋರಿಕೆಗಳು. ದೊಡ್ಡವೇನಲ್ಲ, ಹೊಸ ಯೋಜನೆಯೂ ಬೇಡ.

ನಿಮ್ಮ ಭಾವಚಿತ್ರವಿರುವ ಯಾವ ಫ್ಲೆಕ್ಸಿನಲ್ಲಿ, ಜಾಹೀರಾತಿನಲ್ಲಿ ‘5 ಲಕ್ಷ’ ಎಂದು ಬರುತ್ತದೋ ಅಲ್ಲಿ ಅದೇ ಗಾತ್ರದ ಅಕ್ಷರದಲ್ಲಿ ‘ಒಳರೋಗಿ ಚಿಕಿತ್ಸೆಗೆ ಮಾತ್ರ, ಪ್ಯಾಕೇಜ್ ದರದಂತೆ, ಪಟ್ಟಿಯ ತುರ್ತು ಬಿಟ್ಟರೆ ರೆಫರಲ್ ಬೇಕು, ಎಪಿಎಲ್‌ಗೆ ಶೇ. 30 ಮಾತ್ರ’ ಎಂದು ಬರೆಸಿ. ಕಾರ್ಡಿನ ಬೆನ್ನಿಗೂ ಇಷ್ಟನ್ನೇ ಅಚ್ಚು ಹಾಕಿಸಿ, ಜೊತೆಗೆ ಸಹಾಯವಾಣಿಯ ಸಂಖ್ಯೆಗಳು, 104 ಮತ್ತು 14555.

ನೋಂದಾಯಿತ ಆಸ್ಪತ್ರೆಗಳಲ್ಲಿ ಯೋಜನೆಯ ಫಲಕ ಮೆಟ್ಟಿಲ ಹಿಂದೆ ಇರುವುದು ಬೇಡ, ಹಣ ಕಟ್ಟುವ ಕಿಂಡಿಯ ಪಕ್ಕ ಇರಲಿ. ದಾಖಲಾದ ದಿನವೇ ರೋಗಿಯ ಕಡೆಯವರಿಗೆ ಒಂದು ಕನ್ನಡದ ಹಾಳೆ ಕೈಗೆ ಬರಬೇಕು: ಯಾವ ಸಂಕೇತ, ಪ್ಯಾಕೇಜ್ ಎಷ್ಟು, ಅದರೊಳಗೆ ಏನೇನು ಸೇರಿದೆ. ‘ಹಣ ಪಡೆದಿಲ್ಲ’ ಎಂಬ ಸಹಿಯನ್ನು ಡಿಸ್ಚಾರ್ಜಿನ ಗಡಿಬಿಡಿಯಲ್ಲಿ ಹಾಕಿಸಿಕೊಳ್ಳುವುದನ್ನು ನಿಲ್ಲಿಸಿ. ಹೊರಗಿನ ಔಷಧದಂಗಡಿಯ ಬಿಲ್ಲನ್ನೂ ಆ ಫೈಲಿಗೆ ಲಗತ್ತಿಸುವ ನಿಯಮ ಬರಲಿ. ರಾತ್ರಿ ಪಾಳಿಗೆ ಆರೋಗ್ಯ ಮಿತ್ರರಿಲ್ಲದ ಆಸ್ಪತ್ರೆಯಲ್ಲಿ ಕಡೇಪಕ್ಷ ಒಂದು ಫೋನ್ ಸಂಖ್ಯೆ, ಎತ್ತುವ ಸಂಖ್ಯೆ, ಗೋಡೆಯ ಮೇಲಿರಲಿ.

ಬಿಪಿಎಲ್ ಕಾರ್ಡನ್ನು ರದ್ದು ಮಾಡುವ ಮುನ್ನ ಆ ಮನೆಯಲ್ಲಿ ಯಾರಾದರೂ ಡಯಾಲಿಸಿಸ್, ಕಿಮೋದಂಥ ಮುಂದುವರಿಯುವ ಚಿಕಿತ್ಸೆಯಲ್ಲಿ ಇದ್ದಾರೆಯೇ ಎಂದು ಟ್ರಸ್ಟಿನ ದಾಖಲೆಯೊಂದಿಗೆ ತಾಳೆ ನೋಡಿ. ಇದ್ದರೆ ಆ ವರ್ಷ ಮುಗಿಯುವವರೆಗೆ ಚಿಕಿತ್ಸೆಯ ಅರ್ಹತೆಯನ್ನು ಮುಟ್ಟಬೇಡಿ. ಎರಡು ಇಲಾಖೆಗಳ ಗಣಕಯಂತ್ರ ಮಾತಾಡಿಕೊಂಡರೆ ಆಗುವ ಕೆಲಸ.

ಎಲ್ಲಕ್ಕಿಂತ ಮುಖ್ಯವಾದದ್ದು ಲೆಕ್ಕ. ಪ್ರತಿ ತಿಂಗಳೂ ಆಸ್ಪತ್ರೆವಾರು ಎಷ್ಟು ಪೂರ್ವಾನುಮತಿ ಕೇಳಿದರು, ಎಷ್ಟು ತಿರಸ್ಕಾರವಾಯಿತು, ಏಕೆ, ಎಷ್ಟು ಕ್ಲೇಮು 15 ದಿನ ದಾಟಿ ಬಾಕಿ ಇದೆ, ರೋಗಿಗೆ ಹಣ ವಾಪಸ್ ಕೊಡಿಸಿದ್ದು ಎಷ್ಟು, ಇವು ಬಹಿರಂಗವಾಗಲಿ. ಕೊಟ್ಟ ಕಾರ್ಡುಗಳ ಸಂಖ್ಯೆ ನಮಗೆ ಬೇಡ. ದೇಶದಲ್ಲಿ 35 ಕೋಟಿಗೂ ಹೆಚ್ಚು ಆಯುಷ್ಮಾನ್ ಕಾರ್ಡುಗಳಿವೆ. ಕಾರ್ಡಿನಿಂದ ಯಾರಿಗೂ ಜ್ವರ ಬಿಟ್ಟಿಲ್ಲ. ಪ್ರತಿ ಬಜೆಟ್ ಅಧಿವೇಶನಕ್ಕೆ ಮುನ್ನ ಆರೋಗ್ಯ ಸಚಿವರು ಒಂದೇ ಪುಟದ ಕೋಷ್ಟಕ ಮಂಡಿಸಲಿ: ಕೇಂದ್ರದಿಂದ ಬಂದದ್ದು, ರಾಜ್ಯ ಹಾಕಿದ್ದು, ಎಷ್ಟು ಕುಟುಂಬಕ್ಕೆ, ಉಳಿದ ಬಾಕಿ. ವಿರೋಧ ಪಕ್ಷದವರು ಅದೇ ಪುಟ ಹಿಡಿದು ಪ್ರಶ್ನೆ ಕೇಳಲಿ. ಸಂಸದರು ಸಿಎಜಿ ಹೇಳಿದ ಆ 3,446 ಹೆಸರುಗಳ ಪೈಕಿ ಕರ್ನಾಟಕದ್ದೆಷ್ಟು, ಎಷ್ಟು ವಸೂಲಾಯಿತು ಎಂದು ಚುಕ್ಕೆ ಗುರುತಿನ ಪ್ರಶ್ನೆಯನ್ನೇ ಹಾಕಲಿ.

ಈ ಪತ್ರಕ್ಕೆ ನಮಗೆ ಅಂಚೆಯಲ್ಲಿ ಉತ್ತರ ಬೇಕಿಲ್ಲ. ಮುಂದಿನ ಅಧಿವೇಶನದ ಪ್ರಶ್ನೋತ್ತರ ಕಲಾಪದಲ್ಲಿ, ಎಪಿಎಲ್ ಕುಟುಂಬಕ್ಕೆ 80,000 ರೂಪಾಯಿಯ ಪ್ಯಾಕೇಜಿನಲ್ಲಿ ಕೈಯಿಂದ ಹೋಗುವುದೆಷ್ಟು ಎಂದು ನಿಮ್ಮಲ್ಲಿ ಯಾರಾದರೂ ಒಬ್ಬರು ಕೇಳಿ, ಸಚಿವರಿಂದ 56,000 ಎಂಬ ಉತ್ತರ ಕಡತಕ್ಕೆ ಬರಲಿ. ಅಲ್ಲಿಂದ ಶುರುಮಾಡೋಣ.

ಇಂತಿ,
ಕಾರ್ಡಿನ ಎರಡೂ ಬದಿ ಓದುವ ತೆರಿಗೆದಾರರು